ಯುಪಿಎಸ್ ಸ್ಕೀಮ್ ಬಂದಾಗ ನಾನು ಹಾಕಿದ ಲೆಕ್ಕ, ಇಂಟೆಲ್ ಕೇಸಿನಿಂದ ಕಲಿತದ್ದು

ಹಾಸನದಲ್ಲಿ ಬಿ.ಎಂ. ರಸ್ತೆಯ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಶುರು ಮಾಡಿದ್ದು 2003ರಲ್ಲಿ. ಆಗೆಲ್ಲ ಅಸೆಂಬಲ್ ಮಾಡಿ ಕೊಡೋದೇ ದೊಡ್ಡ ವ್ಯಾಪಾರ. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಎಸ್‌ಪಿ ರಸ್ತೆಯಲ್ಲಿ ಬೋರ್ಡು, ಪ್ರೊಸೆಸರ್, ಹಾರ್ಡ್ ಡಿಸ್ಕ್ ಕಟ್ಟಿಸಿಕೊಂಡು ಸಂಜೆ ಹೊತ್ತಿಗೆ ವಾಪಸ್ ಬರುತ್ತಿದ್ದೆ. ಇಂಟೆಲ್‌ಗೆ ಎದುರಾಳಿಯಾಗಿ ಪ್ರೊಸೆಸರ್ ಚಿಪ್ ಮಾಡೋ ಎಎಂಡಿ ಕಂಪನಿಯ ಅಥ್ಲಾನ್ 64 ಬಂದಿದ್ದೂ ಆ ವರ್ಷವೇ. ಒಳ್ಳೆ ಚಿಪ್. ಇಂಜಿನಿಯರಿಂಗ್ ಹುಡುಗರು ಹೆಸರು ಹೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಆದರೆ ಡೆಲ್ ಕಂಪ್ಯೂಟರ್ ಒಳಗೆ ಮಾತ್ರ 2006ರವರೆಗೂ ಎಎಂಡಿ ಬರಲೇ ಇಲ್ಲ. ಇಷ್ಟು ಚೆನ್ನಾಗಿರೋ ಮಾಲನ್ನು ದೊಡ್ಡವರು ಯಾಕೆ ಮುಟ್ಟಲ್ಲ ಅಂತ ನನಗೆ ತಲೆಗೆ ಹೋಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 2009ರ ಮೇ 13ಕ್ಕೆ. ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆ ಯುರೋಪಿಯನ್ ಕಮಿಷನ್ ಅವತ್ತು ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಡೆಲ್, ಎಚ್‌ಪಿ, ಎನ್‌ಇಸಿ, ಲೆನೊವೊ ಇವರಿಗೆಲ್ಲ ಇಂಟೆಲ್ ರಿಯಾಯಿತಿ ಕೊಡುತ್ತಿತ್ತು, ಆದರೆ ಎಲ್ಲ ಚಿಪ್ಪನ್ನೂ ಅಥವಾ ಹೆಚ್ಚುಕಮ್ಮಿ ಎಲ್ಲವನ್ನೂ ತನ್ನಿಂದಲೇ ಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ, ಅಂತ ಕಮಿಷನ್ ಹೇಳಿತು. ಎಚ್‌ಪಿಗೆ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ನೂರಕ್ಕೆ 95 ಚಿಪ್ ಇಂಟೆಲ್‌ದೇ ಇರಬೇಕು. ಎನ್‌ಇಸಿಗೆ ನೂರಕ್ಕೆ 80. ಜರ್ಮನಿಯ ಒಂದು ದೊಡ್ಡ ಅಂಗಡಿ ಸಾಲಿಗೆ ಇಂಟೆಲ್ ಕಂಪ್ಯೂಟರ್ ಬಿಟ್ಟು ಬೇರೇನೂ ಮಾರದೇ ಇರೋದಕ್ಕೆ ನೇರವಾಗಿ ದುಡ್ಡು. ಇಷ್ಟಾದರೂ ಈ ಷರತ್ತುಗಳಲ್ಲಿ ಹೆಚ್ಚಿನವು ಕರಾರು ಪತ್ರದಲ್ಲಿ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಒಂದು ಕಂಪ್ಯೂಟರ್ ಕಂಪನಿಗೆ ಎಎಂಡಿ 10 ಲಕ್ಷ ಚಿಪ್ ಪುಕ್ಕಟೆ ಕೊಡ್ತೀನಿ ಅಂತ ಬಂತು. ಪುಕ್ಕಟೆ! ಆ ಕಂಪನಿ ತಗೊಂಡಿದ್ದು 1,60,000 ಮಾತ್ರ. ಅಂಗಡಿ ಇಟ್ಟವನಾಗಿ ಇದನ್ನು ಓದಿದಾಗ ಮೊದಲು ನಂಬಿಕೆ ಬರಲಿಲ್ಲ. ಪುಕ್ಕಟೆ ಮಾಲು ಬೇಡ ಅನ್ನೋ ವ್ಯಾಪಾರಿ ಎಲ್ಲಿದ್ದಾನೆ? ನಾಲ್ಕು ವರ್ಷ ಆದಮೇಲೆ ನನ್ನ ಟೇಬಲ್ ಮೇಲೇ ಅಂಥದ್ದೊಂದು ಬಂತು, ಆಗ ಗೊತ್ತಾಯಿತು.

ಅದು ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರ್ ನಡೆಸೋ ಬ್ಯಾಟರಿ ಪೆಟ್ಟಿಗೆಯ ವ್ಯಾಪಾರ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟು ಬಂದು ಬಂದು ಹೋಗುತ್ತೆ, ಸಕಲೇಶಪುರದ ಎಸ್ಟೇಟ್ ಆಫೀಸುಗಳಿಂದ ರೈಟರ್‌ಗಳು ಫೋನ್ ಮಾಡಿ ಎರಡು ಮೂರು ಯುಪಿಎಸ್ ಒಟ್ಟಿಗೆ ಕೇಳುತ್ತಾರೆ. 2013ರ ಜೂನ್‌ನಲ್ಲಿ, ಜಾಸ್ತಿ ಓಡುತ್ತಿದ್ದ ಬ್ರ್ಯಾಂಡಿನ ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ಸ್ಕೀಮ್ ಹಾಳೆ ತಂದ. ಹೆಸರು ಬೇಡ, ಅವನೂ ಹೊಟ್ಟೆಪಾಡಿಗೆ ಬಂದವನು. ಮೂರು ತಿಂಗಳಲ್ಲಿ 36 ಪೀಸ್ ಟಾರ್ಗೆಟ್. ಮುಟ್ಟಿದರೆ ಪೀಸಿಗೆ 250 ರೂಪಾಯಿ ಕ್ರೆಡಿಟ್ ನೋಟ್, ಅಂದರೆ ನಮ್ಮ ಲೆಕ್ಕಕ್ಕೆ ವಾಪಸ್ ಜಮಾ, ಅದೂ ಮೊದಲನೇ ಪೀಸಿನಿಂದ. ನನ್ನ ಅಂಗಡಿಯಲ್ಲಿ ಮೂರು ತಿಂಗಳಿಗೆ ಹೋಗ್ತಾ ಇದ್ದಿದ್ದೇ ಸುಮಾರು 40. ಆಮೇಲೆ ಮೆತ್ತಗೆ ಹೇಳಿದ, "ಅಣ್ಣಾ, ಆ ಇನ್ನೊಂದು ಮಾಲು ಶೋಕೇಸಲ್ಲಿ ಇಡಬೇಡಿ, ನಮ್ಮ ಸಾಹೇಬ್ರು ನೋಡ್ತಾರೆ."

"ಇದನ್ನೂ ಹಾಳೆ ಮೇಲೆ ಬರೆದು ಕೊಡಪ್ಪಾ" ಅಂದೆ.

"ಅದೆಲ್ಲ ಬಾಯಲ್ಲೇ ಅಣ್ಣಾ."

ಆವತ್ತು ರಾತ್ರಿ ಷಟರ್ ಅರ್ಧ ಎಳೆದು ಲೆಕ್ಕಕ್ಕೆ ಕೂತೆ. ಡೀಲರ್ ಬೆಲೆ 2,000 ಅಂತ ಇಟ್ಟುಕೊಂಡೆ. 40 ಪೀಸೂ ಇವರ ಹತ್ತಿರವೇ ತಗೊಂಡರೆ 10,000 ರೂಪಾಯಿ ಕ್ರೆಡಿಟ್ ನೋಟ್. ಇನ್ನೊಂದು ಬ್ರ್ಯಾಂಡಿನದು 10 ತಗೊಂಡೆ ಅಂದುಕೊಳ್ಳಿ. ಇವರದು 30ಕ್ಕೆ ನಿಲ್ಲುತ್ತೆ, ಟಾರ್ಗೆಟ್ ತಪ್ಪುತ್ತೆ, ಪೂರ್ತಿ 10,000 ಹೋಯಿತು. ಆ ನಷ್ಟ ತುಂಬಿಕೊಡಬೇಕಾದವನು ಯಾರು? ಆ 10 ಪೀಸ್ ಮಾರುವವನು. ಅಂದರೆ ಪೀಸಿಗೆ 1,000 ಇಳಿಸಬೇಕು. 2,000ದ ಮಾಲನ್ನು 1,000ಕ್ಕೆ ಕೊಡಬೇಕು! ಇವರು ಬಿಟ್ಟುಕೊಟ್ಟಿದ್ದು ಪೀಸಿಗೆ 250, ಅವನು ಬಿಡಬೇಕಾಗಿದ್ದು 1,000. ಅವನ ಮಾಲು ಇವರದಷ್ಟೇ ಚೆನ್ನಾಗಿದ್ದು, ಇವರಷ್ಟೇ ಖರ್ಚಿನಲ್ಲಿ ಮಾಡಿದ್ದರೂ ಬದುಕೋ ಹಾಗಿಲ್ಲ.

ಪುಕ್ಕಟೆ ಚಿಪ್ ಬೇಡ ಅಂದಿದ್ದು ಯಾಕೆ ಅಂತ ಆಗ ಅರ್ಥ ಆಯಿತು. ಪುಕ್ಕಟೆ 10 ಲಕ್ಷ ತಗೊಂಡರೆ, ಮಿಕ್ಕ ಲಕ್ಷಗಟ್ಟಲೆ ಚಿಪ್ ಮೇಲಿನ ರಿಯಾಯಿತಿ ಹೋಗುತ್ತೆ. ಪುಕ್ಕಟೆಯೇ ದುಬಾರಿ ಆಗುತ್ತೆ.

ಮಾರನೇ ದಿನ ಹುಡುಗನನ್ನು ಕರೆದು ಪುಸ್ತಕ ತೋರಿಸಿ ಹೇಳಿದೆ, ಟಾರ್ಗೆಟ್ ದಾಟಿದ ಮೇಲಿನ ಪೀಸಿಗೆ ಮಾತ್ರ ಎಷ್ಟಾದರೂ ಕೊಡಿ, ಬೇಕಾದರೆ 500 ಕೊಡಿ, ಸಂತೋಷವಾಗಿ ತಗೊಳ್ತೀನಿ, ಮೊದಲನೇ ಪೀಸಿನಿಂದ ಲೆಕ್ಕ ಹಿಡಿಯೋದು ಬೇಡ, ಯಾವ ಮಾಲು ಎಲ್ಲಿ ಇಡಬೇಕು ಅನ್ನೋದು ಮಾತ್ರ ನನಗೆ ಬಿಡಿ. ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಎರಡೂ ಬ್ರ್ಯಾಂಡ್ ಶೋಕೇಸಿನಲ್ಲೇ ಉಳಿದವು. ಆ ಮೂರು ತಿಂಗಳು ಕ್ರೆಡಿಟ್ ನೋಟ್ ಬರಲಿಲ್ಲ, ಮನೆಯಲ್ಲಿ ಅದಕ್ಕೆ ಮಾತೂ ಬಂತು, 10,000 ನಮ್ಮಂಥವರಿಗೆ ಸಣ್ಣದಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಅದೇ ದೊಡ್ಡ ಬ್ರ್ಯಾಂಡಿನ ಮಾಲು ಆರು ವಾರ ಬರಲೇ ಇಲ್ಲ. ನನ್ನ ಹತ್ತಿರ ಎರಡನೆಯದು ಇತ್ತು, ಎಸ್ಟೇಟ್ ಗಿರಾಕಿಗಳು ಕೈ ತಪ್ಪಲಿಲ್ಲ.

ದೊಡ್ಡದಾಗಿ ಬೆಳೆಯೋದು ತಪ್ಪಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕಂದರೆ ನಮ್ಮ ಡೀಲರ್‌ಗಳು ಸೇರಿದ ಕಡೆ ಸುಮ್ನೆ ದೊಡ್ಡ ಕಂಪನಿ ಅಂದರೆ ಕಳ್ಳ ಅಂತ ಬೈಯ್ಯೋದು ಕೇಳಿದ್ದೀನಿ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಹೇಳೋದೂ ಅದನ್ನೇ, ಮೇಲುಗೈ ಇರೋದು ತಪ್ಪಲ್ಲ, ಅದನ್ನು ದುರುಪಯೋಗ ಮಾಡೋದು ತಪ್ಪು. ಆ ಸೆಕ್ಷನ್ ಜಾರಿಗೆ ಬಂದಿದ್ದು 2009ರ ಮೇ 20ಕ್ಕೆ, ಯುರೋಪಿನ ಆ ದಂಡ ಬಿದ್ದ ಸರಿಯಾಗಿ ಒಂದು ವಾರಕ್ಕೆ. ಬೇರೆಯವರ ಮಾಲು ಇಡಬೇಡ ಅನ್ನೋ ಕರಾರುಗಳ ಮಾತು 3ನೇ ಸೆಕ್ಷನ್‌ನಲ್ಲಿದೆ. ದೆಹಲಿಯ ಸ್ಪರ್ಧಾ ಆಯೋಗಕ್ಕೆ ಸಾಮಾನ್ಯ ಮನುಷ್ಯನೂ ಮಾಹಿತಿ ಕೊಡಬಹುದು.

ಆದರೆ ಲೆಕ್ಕ ಗಟ್ಟಿ ಇರಬೇಕು. ಯುರೋಪಿನಲ್ಲಿ ಆಗಿದ್ದು ನೋಡಿ. 2014ರಲ್ಲಿ ಅಲ್ಲಿನ ಕೆಳಗಿನ ಕೋರ್ಟು ದಂಡ ಸರಿ ಅಂತು. 2017ರಲ್ಲಿ ಮೇಲಿನ ಕೋರ್ಟು, ಇಂಟೆಲ್ ಎತ್ತಿದ ಲೆಕ್ಕದ ಪ್ರಶ್ನೆಗಳನ್ನು ಸರಿಯಾಗಿ ನೋಡಿಲ್ಲ ಅಂತ ವಾಪಸ್ ಕಳಿಸಿತು. 2022ರ ಜನವರಿಯಲ್ಲಿ ದಂಡವೇ ರದ್ದಾಯಿತು, ನಾನು ಮೇಲೆ ಹಾಕಿದಂಥ ಲೆಕ್ಕವನ್ನೇ ಕಮಿಷನ್ ದೊಡ್ಡದಾಗಿ ಹಾಕಿತ್ತು, ಅದರಲ್ಲಿ ತಪ್ಪುಗಳಿವೆ ಅಂತ. 2024ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಉಳಿದುಕೊಂಡಿದ್ದು ಎಎಂಡಿ ಇರೋ ಮಾಡೆಲ್‌ಗಳನ್ನು ತಡ ಮಾಡಲು, ನಿಲ್ಲಿಸಲು ನೇರವಾಗಿ ದುಡ್ಡು ಕೊಟ್ಟ ಭಾಗ. ಅದಕ್ಕೆ 2023ರಲ್ಲಿ ಹೊಸದಾಗಿ ಸುಮಾರು 37.6 ಕೋಟಿ ಯೂರೋ ದಂಡ ಹಾಕಿದರು. ನನಗೆ ಇದು ನೋವಿನ ವಿಷಯ. ಎಎಂಡಿ ಮೊದಲು ದೂರು ಕೊಟ್ಟಿದ್ದು 2000ದಲ್ಲಿ. ಅಷ್ಟು ವರ್ಷ ಕಾಯೋ ಶಕ್ತಿ ಯಾವ ಚಿಕ್ಕವನಿಗಿದೆ? ಎಎಂಡಿಯೇ 2009ರ ನವೆಂಬರ್‌ನಲ್ಲಿ 125 ಕೋಟಿ ಡಾಲರ್ ತಗೊಂಡು ಅಮೆರಿಕದ ತನ್ನ ಕೇಸು ರಾಜಿ ಮಾಡಿಕೊಂಡಿತು. ಅದೇ ವರ್ಷ ತನ್ನ ಚಿಪ್ ಫ್ಯಾಕ್ಟರಿಗಳನ್ನೂ ಬೇರೆ ಕಂಪನಿ ಮಾಡಿತು. ಹಾಗಂತ ಕೋರ್ಟು ಲೆಕ್ಕ ಕೇಳಿದ್ದು ತಪ್ಪು ಅಂತಲೂ ನಾನು ಹೇಳಲ್ಲ. ರಿಯಾಯಿತಿ ಎಲ್ಲವೂ ಮೋಸ ಅಲ್ಲ. ಯಾವುದು ಮೋಸ ಅಂತ ಅಂಕಿ ಹಾಕಿ ತೋರಿಸಲೇಬೇಕು.

ಅದಕ್ಕೇ ನಾನೀಗ ಸ್ಕೀಮ್ ಹಾಳೆ ಒಂದನ್ನೂ ಎಸೆಯಲ್ಲ. ಬಾಯಲ್ಲಿ ಹೇಳಿದ ಷರತ್ತನ್ನು ಅವತ್ತೇ ತಾರೀಖು ಹಾಕಿ ಹಾಳೆಯ ಹಿಂದೆ ಬರೆದಿಡ್ತೀನಿ, "ನೀವು ಹೀಗೆ ಹೇಳಿದ್ರಿ ಅಲ್ವಾ" ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕ್ತೀನಿ. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ನನ್ನ ಮೆಸೇಜಾದರೂ ಇರುತ್ತೆ. ಕಳೆದ ತಿಂಗಳು ಪಕ್ಕದ ಪೇಂಟ್ ಅಂಗಡಿಯವರು ಒಂದು ಹಾಳೆ ಹಿಡಿದು ಬಂದರು. ಇಬ್ಬರೂ ಕೂತು ಅವರ ಸ್ಕೀಮನ್ನೂ ಹೀಗೇ ಬಿಡಿಸಿದೆವು. ಅವರದು ಟಾರ್ಗೆಟ್ ದಾಟಿದ ಡಬ್ಬಗಳಿಗೆ ಮಾತ್ರ ರಿಯಾಯಿತಿ, ಬೇರೆ ಷರತ್ತು ಏನೂ ಇರಲಿಲ್ಲ. ತಗೊಳ್ಳಿ ಅಂದೆ.