ಊರು ಒಂದು, ವಿಳಾಸ ಹಲವು: ಗ್ರಾಮಗಳ ಚಾರಿತ್ರಿಕ ಭೂಗೋಳಕ್ಕೊಂದು ಜಾಲತಾಣ ಕಟ್ಟುವ ಬಗೆ

ಕುಷ್ಟಗಿ ಇಂದು ಕೊಪ್ಪಳ ಜಿಲ್ಲೆಯಲ್ಲಿದೆ. 1997ಕ್ಕೆ ಮೊದಲು ಅದು ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಯೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. 1905ರವರೆಗೆ ಕುಷ್ಟಗಿಗೆ ಜಿಲ್ಲಾ ಕೇಂದ್ರವಾಗಿದ್ದುದು ಲಿಂಗಸುಗೂರು. ತುಂಗಭದ್ರೆಯ ಆಚೆ ದಡದ ಕುರುಗೋಡಿನ ದಾರಿಯೇ ಬೇರೆ: 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಡನೆ ಅದು ಇಂಗ್ಲಿಷರ ಕೈಸೇರಿ, ಮದ್ರಾಸ್ ಪ್ರಾಂತ್ಯದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಬಳ್ಳಾರಿ ಜಿಲ್ಲೆಯ ನಡುವಿನ ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. ಹೀಗಿರುವಾಗ ಊರಿನ ಹೆಸರು, ತಾಲ್ಲೂಕು, ಜಿಲ್ಲೆ ಎಂಬ ಮೂರು ಅಂಕಣಗಳ ಪಟ್ಟಿಯೊಂದನ್ನು ಜಾಲಕ್ಕೇರಿಸಿದರೆ ಅದು ಇಂದಿನ ವಿಳಾಸ ಪುಸ್ತಕವಾದೀತೇ ಹೊರತು ಚಾರಿತ್ರಿಕ ಭೂಗೋಳವಾಗದು.

ಆದ್ದರಿಂದ ಮೊದಲು ಪ್ರತಿ ಊರಿಗೂ ನಿಮ್ಮದೇ ಆದ, ಎಂದೂ ಬದಲಾಗದ ಒಂದು ಸಂಖ್ಯೆಯನ್ನು ಕೊಡಬೇಕು. ಹೆಸರನ್ನೇ ಗುರುತಾಗಿ ಬಳಸುವಂತಿಲ್ಲ, ಏಕೆಂದರೆ ಬಸಾಪುರ, ಹೊಸಹಳ್ಳಿಗಳು ಒಂದೆರಡಲ್ಲ. ಜನಗಣತಿಯ ಗ್ರಾಮಸಂಖ್ಯೆಯೂ ಗಣತಿಯಿಂದ ಗಣತಿಗೆ ಬದಲಾಗುವುದರಿಂದ ಅದನ್ನು ಒಂದು ಮಾಹಿತಿಯಾಗಿ ಮಾತ್ರ ಇಟ್ಟುಕೊಳ್ಳಬೇಕು. ಆ ಸಂಖ್ಯೆಗೆ ಜೋಡಿಸಿದಂತೆ ಹೆಸರುಗಳದ್ದೊಂದು, ಆಡಳಿತ ಘಟಕಗಳದ್ದೊಂದು, ಸ್ಥಳದ್ದೊಂದು ಎಂದು ಮೂರು ಕೋಷ್ಟಕಗಳಿರಲಿ. ಇವುಗಳ ಪ್ರತಿಯೊಂದು ಸಾಲಿನಲ್ಲಿಯೂ ಆ ಮಾಹಿತಿ ಯಾವಾಗಿನಿಂದ ಯಾವಾಗಿನವರೆಗೆ ಸಲ್ಲುತ್ತದೆ, ಅದಕ್ಕೆ ಆಧಾರವೇನು, ಆಧಾರ ಎಷ್ಟು ಗಟ್ಟಿ ಎಂಬುದು ಇರಲೇಬೇಕು. ಕೊನೆಯದನ್ನು ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಚೋಳರ ಶಾಸನಗಳಲ್ಲಿ ಬರುವ ಮುಸಂಗಿಯನ್ನು ಮಸ್ಕಿಯೆಂದು ಗುರುತಿಸಿದವರಿರುವಂತೆ ಉಚ್ಚಂಗಿದುರ್ಗವೆಂದವರೂ ಇದ್ದಾರೆ. ಎರಡನ್ನೂ ದಾಖಲಿಸಿ, ಎರಡೂ ಊಹೆಗಳೆಂದು ತೋರಿಸುವುದೇ ಪ್ರಾಮಾಣಿಕ ಕ್ರಮ.

ಶಾಸನಗಳ ಬಳ್ಳಕುಂದೆ-300, ಕೋಗಳಿ-500, ಕಿಸುಕಾಡು-70ರಂಥ ನಾಡುಗಳನ್ನು ಆಡಳಿತ ಘಟಕಗಳ ಕೋಷ್ಟಕದಲ್ಲಿಯೇ ಸೇರಿಸಬಹುದು. ಆ ಸಂಖ್ಯೆಗಳು ಊರುಗಳ ಎಣಿಕೆಯೋ ಆದಾಯದ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಕ್ಷೆಯ ಮೇಲೆ ಇವುಗಳಿಗೆ ಗಡಿರೇಖೆ ಎಳೆಯಬೇಡಿ; ಇಂಥ ನಾಡಿನೊಳಗಿನ ಊರು ಎಂದು ಶಾಸನವೇ ಹೇಳಿದ ಊರುಗಳನ್ನು ಒಂದೇ ಬಣ್ಣದ ಚುಕ್ಕೆಗಳಾಗಿ ತೋರಿಸಿದರೆ ಸಾಕು. ಒಮ್ಮೆ ಎಳೆದ ಗೆರೆಯನ್ನು ಓದುಗರು ಸರ್ವೆಯ ಗೆರೆಯೆಂದೇ ನಂಬುತ್ತಾರೆ. ಶಾಸನದ ಕಲ್ಲು ಇಂದು ನಿಂತಿರುವ ಊರು ಮತ್ತು ಅದರಲ್ಲಿ ಹೆಸರಿಸಲಾದ ಊರು ಒಂದೇ ಆಗಿರಬೇಕಿಲ್ಲ ಎಂಬುದನ್ನೂ ಮರೆಯಬಾರದು.

ಹುಡುಕಾಟದ ಭಾಗಕ್ಕೆ ಹೆಚ್ಚಿನ ಶ್ರಮ ಬೇಕು. ಕೊಪ್ಪಳ ಎಂಬುದರ ‘ಕೊ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳೆರಡನ್ನು ಸೇರಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎಲ್ಲ ಪಠ್ಯವನ್ನೂ ಇಂಥ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದ ಬಳಿಕವೇ ಸಂಗ್ರಹಿಸಿ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಕಡತಗಳನ್ನು ಅದಕ್ಕೂ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಮುಂದಿನದು ಭಾಷೆಯ ಪ್ರಶ್ನೆ. ಹಳಗನ್ನಡದ ಪಕಾರ ಹಕಾರವಾಗಿ ಪಳ್ಳಿ ಹಳ್ಳಿಯಾಗಿದೆ, ಱ ಮತ್ತು ೞ ಬಳಕೆ ತಪ್ಪಿವೆ, ಆನೆಗುಂದಿಯನ್ನು ಆನೆಗೊಂದಿ ಎಂದೂ ಬರೆಯುತ್ತಾರೆ. ಮೂಲರೂಪವನ್ನು ತಿದ್ದದೆ ಹಾಗೆಯೇ ಉಳಿಸಿ, ಹುಡುಕಾಟಕ್ಕೆಂದೇ ಸರಳಗೊಳಿಸಿದ ಇನ್ನೊಂದು ರೂಪವನ್ನು ಪಕ್ಕದಲ್ಲಿಡುವುದು ಇದಕ್ಕೆ ಪರಿಹಾರ. ಆಗ ‘ಕೊಪಣ’ ಎಂದು ಹುಡುಕಿದವರಿಗೂ ನಿಜಾಮರ ಕಾಲದ ‘ಕೋಪಬಳ’ ಎಂದು ಹುಡುಕಿದವರಿಗೂ ಕೊಪ್ಪಳವೇ ಸಿಗುತ್ತದೆ.

ಕಾಲವನ್ನು ಮೂಲದಲ್ಲಿದ್ದಂತೆಯೇ ಬರೆದು, ಕ್ರಿಸ್ತಶಕ ವರ್ಷವನ್ನು ಬೇರೆ ಅಂಕಣದಲ್ಲಿ ಕೊಡಬೇಕು. ಶಕವರ್ಷಕ್ಕೆ ಸಾಮಾನ್ಯವಾಗಿ 78, ಹೈದರಾಬಾದ್ ದಾಖಲೆಗಳ ಫಸಲಿ ಎಂಬ ಕಂದಾಯ ವರ್ಷಕ್ಕೆ ಸುಮಾರು 590 ಕೂಡಿಸುವುದು ರೂಢಿ.

ಸ್ಥಳದ ಕೋಷ್ಟಕದಲ್ಲಿ ಅಕ್ಷಾಂಶ, ರೇಖಾಂಶಗಳ ಜೊತೆಗೆ ಅವು ಸಿಕ್ಕ ಬಗೆಯನ್ನೂ ಬರೆಯಿರಿ: ಊರೊಳಗೆ ನಿಂತು ಫೋನಿನಲ್ಲಿ ಪಡೆದದ್ದೋ, ಹಳೆಯ ನಕ್ಷೆಯಿಂದ ಎತ್ತಿದ್ದೋ, ಬರಿಯ ಅಂದಾಜೋ ಎಂದು. ನಮ್ಮ ಭಾಗದಲ್ಲಿ ಇದಕ್ಕೆ ಕಾರಣವಿದೆ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ನಾರಾಯಣದೇವರಕೆರೆಯಂಥ ಊರುಗಳಿಗೆ ನೀರಿನಡಿಯ ಹಳೆಯ ಸ್ಥಳವೊಂದು, ಜನ ಹೋಗಿ ನೆಲೆಸಿದ ಸ್ಥಳವೊಂದು ಎಂದು ಎರಡು ಸಾಲು ಬೇಕಾಗುತ್ತದೆ. ಕಂದಾಯದ ಕಡತದಲ್ಲಿ ಹೆಸರಿದ್ದು ಒಂದು ಒಲೆಯೂ ಉರಿಯದ ಬೇಚರಾಕ್ ಗ್ರಾಮಗಳನ್ನು ಕೈಬಿಡಬಾರದು. ಅಂಥ ಹಾಳೂರನ್ನು ಹುಡುಕುವಾಗ ನಕ್ಷೆಗಿಂತ ಪಕ್ಕದೂರಿನ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೆಚ್ಚು ನೆರವಾಗುತ್ತಾರೆ, “ಯಜ್ಜಾ, ಹಳೇ ಊರು ಎಲ್ಲಿತ್ತ್ರೀ?” ಎಂದು ಕೇಳಿದರೆ ಅವರು ಬಹುಮಟ್ಟಿಗೆ ಹೊಲದ ನಡುವೆ ಒಂಟಿಯಾಗಿ ಉಳಿದ ಹಣಮಪ್ಪನ ಗುಡಿಯತ್ತ ಕೈತೋರಿಸುತ್ತಾರೆ. ಇದಕ್ಕೆ ತಿರುವುಮುರುವಾಗಿ, ಕಾಲುವೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರುಗಳ ಸುತ್ತ ಹುಟ್ಟಿದ ಕ್ಯಾಂಪುಗಳೆಂಬ ಹೊಸ ನೆಲೆಗಳು ಹಳೆಯ ಯಾವ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಅವುಗಳ ಸಾಲು ಆರಂಭದ ವರ್ಷದಿಂದಲೇ ತೊಡಗಬೇಕು.

ತಂತ್ರಾಂಶದ ವಿಚಾರದಲ್ಲಿ ಆಡಂಬರ ಬೇಡ. ಒಂದು ಜಿಲ್ಲೆಯ ಮಾಹಿತಿ ದತ್ತಸಂಚಯ ತಂತ್ರಾಂಶವಾದ ಎಸ್‌ಕ್ಯುಲೈಟ್‌ನ ಒಂದೇ ಕಡತದಲ್ಲಿ ಆರಾಮಾಗಿ ಹಿಡಿಸುತ್ತದೆ. ಅದರಿಂದ ಊರಿಗೊಂದು ಸ್ಥಿರ ಪುಟವನ್ನು ತಯಾರಿಸಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಲೀಫ್‌ಲೆಟ್ ಎಂಬ ಜಾಲನಕ್ಷೆಯ ಸಲಕರಣೆಯ ಮೂಲಕ ತೋರಿಸಿದರೆ ಸಾಧಾರಣ ಫೋನಿನಲ್ಲಿಯೂ ತಾಣ ಬೇಗ ತೆರೆದುಕೊಳ್ಳುತ್ತದೆ. ಪುಟದ ವಿಳಾಸದಲ್ಲಿ ಊರಿನ ಹೆಸರಿರದೆ ಮೊದಲು ಕೊಟ್ಟ ಸಂಖ್ಯೆಯಿರಲಿ, ತಾಲ್ಲೂಕು ಮತ್ತೊಮ್ಮೆ ಒಡೆದರೂ ಕೊಂಡಿ ಕಡಿಯದು. ಇಡೀ ಜಿಲ್ಲೆಗೆ ಕೈಹಾಕುವ ಮುನ್ನ ನಿಮಗೆ ಗೊತ್ತಿರುವ ಒಂದು ಹೋಬಳಿಯನ್ನು ಮುಗಿಸಿ, ಆ ಊರುಗಳವರಿಗೆ ತೋರಿಸಿ, ಅವರು ಹಿಡಿದ ತಪ್ಪುಗಳಿಗೆ ಕೋಷ್ಟಕದಲ್ಲಿ ಜಾಗವಿದೆಯೇ ಎಂದು ನೋಡಿಕೊಳ್ಳಿ.