ಖಾನಾವಳಿ ಗೋಡೆಯ ಮೇಲೆ ನಡೆದ ವೈದ್ಯಕೀಯ ಪರಿಹಾರ: ನನ್ನ ಅನುಭವ

ನೆರೆಯಲ್ಲಿ ವೈದ್ಯಕೀಯ ತಂಡಗಳನ್ನು ಖಾನಾವಳಿಯ ಗೋಡೆಯೊಂದರ ಮೇಲೆ ಬರೆಸಿ ಹೊಂದಿಸಿದ ನನ್ನ ಕೆಲಸಕ್ಕೆ ‘ಖಾನಾವಳಿ ಕ್ಲಸ್ಟರ್’ (ವಿಪತ್ತಿನಲ್ಲಿ ಪರಿಹಾರ ಸಂಸ್ಥೆಗಳ ಸಮನ್ವಯ ಕೂಟಕ್ಕೆ ಕ್ಲಸ್ಟರ್ ಎನ್ನುತ್ತಾರೆ) ಎಂದು ಹೆಸರಿಟ್ಟು ನಕ್ಕವರಲ್ಲಿ ಇಬ್ಬರು ಈಚೆಗೆ ಫೋನ್ ಮಾಡಿ, ಆ ಗೋಡೆಗೆ ಎಷ್ಟು ಲೀಟರ್ ಕಪ್ಪು ಬಣ್ಣ ಹಿಡಿಯಿತು ಎಂದು ಕೇಳಿದರು. ಎರಡು ಲೀಟರ್. ಬಣ್ಣದ ಲೆಕ್ಕ ಕೇಳುವ ಮಟ್ಟಿಗೆ ಬಂದಿದ್ದಾರೆ ಎಂದರೆ ಉಳಿದದ್ದನ್ನೂ ಬರೆದುಬಿಡೋಣ ಎನಿಸಿತು.

ನಾನು ವೈದ್ಯನಲ್ಲ, ಔಷಧ ಉಗ್ರಾಣ ನೋಡಿಕೊಂಡು ಕೂದಲು ಬೆಳ್ಳಗಾದ ಫಾರ್ಮಸಿಸ್ಟ್. ಬೆಳಗಾವಿ ಜಿಲ್ಲೆಯಲ್ಲಿ ಒಂದು ಸಣ್ಣ ಸಂಸ್ಥೆಗೆ ಆರೋಗ್ಯ ಕಾರ್ಯಕ್ರಮ ನಡೆಸಿಕೊಡುತ್ತೇನೆ. 2019ರ ಆಗಸ್ಟ್ ಮೊದಲ ವಾರ ಏನಾಯಿತು ಎಂದು ಈ ಕೆಲಸದವರಿಗೆ ಹೇಳಬೇಕಾಗಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದವು. ಬೆಂಗಳೂರಿನಲ್ಲಿ ಆಗ ಮುಖ್ಯಮಂತ್ರಿಯೊಬ್ಬರೇ ಇದ್ದರು, ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ. ಜಿಲ್ಲಾಡಳಿತದವರು ದೋಣಿ, ಗಂಜಿ ಕೇಂದ್ರ, ಮೇವು ಎಂದು ಓಡಾಡುತ್ತಿದ್ದರು. ಹೊರಗಿನಿಂದ ಬಂದ ವೈದ್ಯಕೀಯ ತಂಡಗಳಿಗೆ ‘ನೀವು ಇಲ್ಲಿಗೆ ಹೋಗಿ’ ಎಂದು ಹೇಳುವವರೇ ಇರಲಿಲ್ಲ. ಹೇಳಿದರೂ ಕೇಳುವವರು ಇರಲಿಲ್ಲ ಎನ್ನುವುದೂ ನಿಜ.

ನಮ್ಮ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪರಿಹಾರ ಕೇಂದ್ರಗಳು, ಸುಮಾರು ಮೂವತ್ತು ತಂಡಗಳು. ಹೆದ್ದಾರಿ ಬದಿಯ ಕಲ್ಯಾಣಮಂಟಪಕ್ಕೆ ಒಂದೇ ದಿನ ಆರು ತಂಡಗಳು ಬಂದು ಆರು ಬ್ಯಾನರ್ ಕಟ್ಟಿದವು. ಅಲ್ಲಿಂದ ಒಂಬತ್ತು ಕಿಲೋಮೀಟರ್ ಒಳಗಿನ ಶಾಲೆಗೆ ಎಂಟು ದಿನ ಒಬ್ಬ ವೈದ್ಯರೂ ಕಾಲಿಡಲಿಲ್ಲ. ಒಬ್ಬ ಆಶಾ ಕಾರ್ಯಕರ್ತೆ ಬಕೆಟ್‌ನಲ್ಲಿ ಓಆರ್‌ಎಸ್ ಕಲಸಿಕೊಂಡು ಎಲ್ಲವನ್ನೂ ನಿಭಾಯಿಸಿದಳು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ವಾಟ್ಸ್ಆ್ಯಪ್ ಗುಂಪು. ನಾಲ್ಕು ದಿನಕ್ಕೆ ಇನ್ನೂರು ಜನ ಸೇರಿದರು. ಬಿಸ್ಕತ್ತು ಹಂಚುವ ಫೋಟೊ, ಶಾಸಕರ ಫೋಟೊ, ಶುಭೋದಯ. ‘ನಾಳೆ ಆ ಶಾಲೆಗೆ ಯಾರು ಹೋಗುತ್ತೀರಿ’ ಎಂಬ ನನ್ನ ಪ್ರಶ್ನೆಗೆ ಹನ್ನೊಂದು ಜನ ಕೈಮುಗಿಯುವ ಚಿತ್ರ ಕಳಿಸಿದರು, ಹೋದವರು ಯಾರೂ ಇಲ್ಲ. ಮುಂದೆ ‘ಯಾರು, ಏನು, ಎಲ್ಲಿ’ ಎಂದು ಕಂಪ್ಯೂಟರ್‌ನಲ್ಲಿ ಕೋಷ್ಟಕ ಮಾಡಿದೆ. ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ ಸುಳ್ಳಾಗುತ್ತಿತ್ತು, ಸಂಜೆಗೆ ಕರೆಂಟು ಹೋಗುತ್ತಿತ್ತು. ಆಮೇಲೆ ಸಭೆ ಕರೆದೆ. ದೊಡ್ಡವರು ಬಂದು ಭಾಷಣ ಮಾಡಿದರು. ಮರುದಿನ ತಂಡದೊಂದಿಗೆ ಹೊರಡಬೇಕಿದ್ದ ಚಾಲಕನೂ ನರ್ಸಮ್ಮನೂ ಆ ಸಭೆಯಲ್ಲಿ ಇರಲೇ ಇಲ್ಲ.

ಎರಡು ಪೆಟ್ಟು ತಿಂದ ಮೇಲೆ ಬುದ್ಧಿ ಬಂತು.

ಕಲ್ಯಾಣಮಂಟಪದಲ್ಲಿ ಒಬ್ಬ ಅಜ್ಜಿ ತಲೆಸುತ್ತಿ ಬಿದ್ದಳು. ಸೆರಗಿನ ಗಂಟು ಬಿಚ್ಚಿದರೆ ಮೂರು ಗುಳಿಗೆ ಪಟ್ಟಿ, ಮೂರು ಬಣ್ಣ, ಮೂರು ಕಂಪನಿ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಮೂರೂ ರಕ್ತದೊತ್ತಡ ಇಳಿಸುವ ಅಮ್ಲೋಡಿಪಿನ್ 5 ಮಿಲಿಗ್ರಾಂ. ಮೂರು ತಂಡದವರೂ ರಕ್ತದೊತ್ತಡ ನೋಡಿ, ‘ಮನೆಯ ಗುಳಿಗೆ ನೀರಿಗೆ ಹೋಯಿತು’ ಎಂದದ್ದಕ್ಕೆ ಮರುಗಿ, ಒಂದೊಂದು ಪಟ್ಟಿ ಕೊಟ್ಟಿದ್ದರು. ‘ಬಣ್ಣ ಬೇರೆ ಇದ್ದವಲ್ಲ ತಮ್ಮಾ, ಬೇರೆ ಬೇರೆ ರೋಗಕ್ಕೆ ಅಂದುಕೊಂಡೆ’ ಎಂದಳು. ಮೂವರು ವೈದ್ಯರದೂ ತಪ್ಪಿಲ್ಲ, ಅಜ್ಜಿಯದಂತೂ ಅಲ್ಲವೇ ಅಲ್ಲ. ಕಾಲು ಎತ್ತರಕ್ಕಿಟ್ಟು ಮಲಗಿಸಿ, ಆಸ್ಪತ್ರೆಗೆ ಸಾಗಿಸಿದೆವು. ಬದುಕಿದಳು.

ಎರಡನೆಯದು ಭೇದಿ. ಒಂದು ಕೇಂದ್ರದಲ್ಲಿ ಮೂರು ತಂಡಗಳು ತಲಾ ನಾಲ್ಕೈದು ಭೇದಿ ರೋಗಿಗಳನ್ನು ನೋಡಿದ್ದವು. ನೆರೆಯಲ್ಲಿ ನಾಲ್ಕು ಭೇದಿ ಯಾವ ಲೆಕ್ಕ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕೂಡಿಸಿದ್ದರೆ ಹದಿಮೂರು ಆಗುತ್ತಿತ್ತು. ಯಾವ ರೋಗ ಎಷ್ಟು ಜನರಿಗೆ ಎಂದು ವೈದ್ಯರು ವರದಿ ಕಳಿಸುವ ಪಿ ಫಾರ್ಮ್ ಅನ್ನು ಹೊರಗಿನ ತಂಡಗಳು ತುಂಬುತ್ತಿರಲಿಲ್ಲ, ಆದ್ದರಿಂದ ಜಿಲ್ಲಾ ರೋಗ ಸರ್ವೇಕ್ಷಣೆಯ ಕಣ್ಣಿಗೆ ಒಂದೂ ಬೀಳಲಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಮೂರು ದಿನ ಕಳೆದಿತ್ತು.

ಊಟಕ್ಕೆ ನಾನು ತಾಲ್ಲೂಕು ಆಸ್ಪತ್ರೆಯ ಎದುರಿನ ಖಾನಾವಳಿಗೆ ಹೋಗುತ್ತಿದ್ದೆ. ಅಲ್ಲಿ ಕುಳಿತು ಗಮನಿಸಿದೆ: ಯಾವ ತಂಡವೇ ಬರಲಿ, ಇಳಿದ ಕೂಡಲೇ ಕೇಳುವುದು ಎರಡೇ ಪ್ರಶ್ನೆ. ಊಟ ಎಲ್ಲಿ ಸಿಗುತ್ತದೆ? ಯಾವ ಸೇತುವೆ ದಾಟಬಹುದು? ರೋಗಿಗಳು ಎಲ್ಲಿದ್ದಾರೆ ಎನ್ನುವುದು ಮೂರನೆಯ ಪ್ರಶ್ನೆ, ಅದನ್ನು ಕೇಳುವವರೂ ಕಡಿಮೆ. ನಾನು ಇಷ್ಟು ದಿನ ನನಗೆ ಬೇಕಾದ ಮಾಹಿತಿಯನ್ನು ಅವರಿಂದ ಬೇಡುತ್ತಿದ್ದೆ. ಅವರಿಗೆ ಬೇಕಾದದ್ದನ್ನು ಕೊಟ್ಟಿರಲಿಲ್ಲ.

ಖಾನಾವಳಿ ಅಕ್ಕನನ್ನು ಒಪ್ಪಿಸಿ ಬೀದಿ ಕಡೆಯ ಗೋಡೆಗೆ ಕಪ್ಪು ಬಣ್ಣ ಬಳಿದೆ. ಎಡಗಡೆ ಸೇತುವೆಗಳ ಸ್ಥಿತಿ. ಅದಕ್ಕೆ ನನ್ನ ಮೂಲ ಹಾಲಿನ ಗಾಡಿಯವರು. ಬೆಳಿಗ್ಗೆ ಐದಕ್ಕೆ ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ. ಬಲಗಡೆ ಕೇಂದ್ರಗಳ ಹೆಸರು, ಮುಂದೆ ಖಾಲಿ ಜಾಗ. ತಂಡದವರು ಬಂದು ತಮ್ಮ ಕೈಯಿಂದಲೇ ಹೆಸರು ಬರೆಯಬೇಕು. ಬರೆದವರಿಗೆ ರಾತ್ರಿ ಊಟ ನಮ್ಮ ಲೆಕ್ಕದಲ್ಲಿ, ಒಳಗಿನ ಕೇಂದ್ರ ಬರೆದವರಿಗೆ ಡೀಸೆಲ್ ಕೂಡ. ರಾತ್ರಿ ಊಟಕ್ಕೆ ಕೂರುವ ಮೊದಲು ಭೇದಿ, ಜ್ವರ, ಚರ್ಮ, ಹಾವು, ಗರ್ಭಿಣಿ ಎಂಬ ಐದು ಸಾಲಿನಲ್ಲಿ ಆ ದಿನ ನೋಡಿದಷ್ಟು ಗೀಟು ಎಳೆಯಬೇಕು. ಐದಕ್ಕೊಂದು ಅಡ್ಡಗೀಟು. ಗೀಟು ಎಳೆಯದವರಿಗೆ ರೊಟ್ಟಿ ಇಲ್ಲ. ಒಬ್ಬ ದೊಡ್ಡ ಸರ್ಜನ್ ಕೈತೊಳೆದು ಕುಳಿತಾಗ ಅಕ್ಕ, ‘ಡಾಕ್ಟರೇ, ಮೊದಲು ಗೋಡೆ’ ಎಂದಳು. ಅವರು ಎದ್ದು ಹೋಗಿ ಸೀಮೆಸುಣ್ಣ ಹಿಡಿದರು. ನಾನು ಹೇಳಿದ್ದರೆ ಏಳುತ್ತಿರಲಿಲ್ಲ.

ಅಜ್ಜಿಯ ಪ್ರಕರಣಕ್ಕೆ ಚೀಟಿ. ಒಬ್ಬರಿಗೆ ಒಂದೇ ಚೀಟಿ, ದಪ್ಪ ಕಾಗದ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಕೊರಳಿಗೆ ಅಥವಾ ಸೆರಗಿಗೆ. ಔಷಧದ ಮೂಲ ಹೆಸರು ಮಾತ್ರ, ಕಂಪನಿ ಹೆಸರು ಬರೆಯುವಂತಿಲ್ಲ. ಮೊದಲ ಸಲ ತೆಳು ಕಾಗದದಲ್ಲಿ ಅಚ್ಚು ಹಾಕಿಸಿ ಸಾವಿರ ಚೀಟಿ ಹಾಳುಮಾಡಿದೆ, ಶಾಯಿ ಕಲಸಿಹೋಯಿತು. ಬಾಲ್‌ಪೆನ್ ಒಂದೇ ಗತಿ. ಇಲಿಜ್ವರ ಬರದಂತೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಮೂಲೆಯಲ್ಲಿ ದಿನಾಂಕ. ಇಲ್ಲದಿದ್ದರೆ ವಾರಕ್ಕೊಮ್ಮೆಯ ಗುಳಿಗೆಯನ್ನು ದಿನಕ್ಕೊಂದು ತಂಡ ಕೊಡುತ್ತದೆ. ತಾಯಿ ಕಾರ್ಡ್ ನೀರುಪಾಲಾದ ಗರ್ಭಿಣಿಯರಿಗೆ ಕೆಂಪು ದಾರ.

ಇಷ್ಟನ್ನೆಲ್ಲ ಕಟ್ಟಿ ನಿಲ್ಲಿಸುವಷ್ಟರಲ್ಲಿ ಆಗಸ್ಟ್ ಮುಗಿದಿತ್ತು. ಜನ ಮನೆಯ ಕೆಸರು ತೆಗೆಯಲು, ಹತ್ತು ಸಾವಿರದ ಪರಿಹಾರಕ್ಕೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಹೋದರು. ಊರಿನ ಕಂದಾಯ ಲೆಕ್ಕ ನೋಡುವ ತಲಾಠಿ ಬರುವ ದಿನ ಯಾವ ಕೇಂದ್ರದಲ್ಲೂ ವೈದ್ಯಕೀಯ ಶಿಬಿರ ಇಡಬೇಡಿ, ಒಬ್ಬ ರೋಗಿಯೂ ಸರತಿ ಬಿಟ್ಟು ಬರುವುದಿಲ್ಲ. ಜಿಲ್ಲಾ ಮಟ್ಟದ ಒಂದು ಸಭೆಯಲ್ಲಿ ಗೋಡೆಯ ಫೋಟೊ ತೋರಿಸಿದಾಗ ನಕ್ಕರು. ‘ಊಟ ಹಾಕಿ ಹಾಜರಾತಿ ತೆಗೆದುಕೊಳ್ಳುವುದು ಸಮನ್ವಯವೇ?’ ಎಂದರು ಒಬ್ಬರು.

ಅಕ್ಟೋಬರ್‌ನಲ್ಲಿ ಮತ್ತೆ ನೀರು ಬಂತು. ಗೋಡೆ ಹಾಗೆಯೇ ಇತ್ತು. ಮೊದಲ ದಿನ ಸಂಜೆಯೇ ಬರೆಯಲು ಶುರು. ಮೂರನೆಯ ರಾತ್ರಿ ಒಂದೇ ಕೇಂದ್ರದ ಭೇದಿ ಸಾಲಿನಲ್ಲಿ ಒಂಬತ್ತು ಗೀಟು ಬಿದ್ದವು, ಎರಡು ತಂಡಗಳ ಕೈಬರಹದಲ್ಲಿ. ರೊಟ್ಟಿ ಅರ್ಧಕ್ಕೆ ಬಿಟ್ಟು ಹಿರಿಯ ಆರೋಗ್ಯ ಸಹಾಯಕರೊಂದಿಗೆ ಹೊರಟೆ. ಟಾರ್ಚ್ ಬೆಳಕಿನಲ್ಲಿ ಟ್ಯಾಂಕರ್ ನೀರಿಗೆ, ಕ್ಲೋರಿನ್ ಇದ್ದರೆ ಹಳದಿಯಾಗುವ ಓಟಿ ದ್ರಾವಣ ಹಾಕಿದರೆ ಹಳದಿಯ ಸುಳಿವೇ ಇಲ್ಲ. ನಿತ್ಯದ ಕಡೆ ರಸ್ತೆ ಮುಳುಗಿದ್ದರಿಂದ ಚಾಲಕ ಬೇರೆ ಬಾವಿಯಿಂದ ತುಂಬಿಕೊಂಡು ಬಂದಿದ್ದ, ಅಲ್ಲಿ ಬ್ಲೀಚಿಂಗ್ ಪುಡಿ ಹಾಕುವವರು ಇರಲಿಲ್ಲ. ರಾತ್ರಿಯೇ ಪುಡಿ ಹಾಕಿ, ಅರ್ಧ ಗಂಟೆ ಕಾದು, ಹಳದಿ ಬಂದ ಮೇಲೆ ನಲ್ಲಿ ಬಿಟ್ಟೆವು. ಆ ಕೇಂದ್ರ ಹದಿನಾಲ್ಕಕ್ಕೆ ನಿಂತಿತು. ಆಗಸ್ಟ್‌ನಲ್ಲಿ ಇಂಥದ್ದೇ ಕೇಂದ್ರ ಅರವತ್ತರ ಹತ್ತಿರ ಹೋಗಿತ್ತು.

ಅಕ್ಟೋಬರ್‌ನಲ್ಲಿ ತಂಡಗಳೇ ಒಂಬತ್ತು, ಅದಕ್ಕೇ ಸುಲಭವಾಯಿತು ಎಂದು ಹೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ, ಎರಡನೆಯ ನೆರೆಗೆ ಕ್ಯಾಮೆರಾ ಬರುವುದಿಲ್ಲ, ಕ್ಯಾಮೆರಾ ಇಲ್ಲದಿದ್ದರೆ ಅರ್ಧ ತಂಡಗಳೂ ಬರುವುದಿಲ್ಲ. ಆದರೆ 2021ರ ಜುಲೈ ನೆರೆಯಲ್ಲಿ ಹದಿನೇಳು ತಂಡಗಳಿದ್ದವು, ಮೇಲೆ ಕೋವಿಡ್. ಒಳಗೆ ಕೂರುವಂತಿರಲಿಲ್ಲ, ಊಟ ಪೊಟ್ಟಣದಲ್ಲಿ. ಗೋಡೆ ಬೀದಿಯಲ್ಲೇ ಇದ್ದದ್ದರಿಂದ ತೊಂದರೆಯಾಗಲಿಲ್ಲ, ಜ್ವರದ ಸಾಲನ್ನು ಎರಡಾಗಿ ಸೀಳಿದೆ ಅಷ್ಟೆ. ಖಾಲಿ ಉಳಿದ ಕೇಂದ್ರ ಎರಡನೆಯ ದಿನದ ನಂತರ ಒಂದೂ ಇಲ್ಲ. ಅತಿ ದೊಡ್ಡ ಆಸ್ಪತ್ರೆಯೊಂದರ ತಂಡ ಬ್ಯಾನರ್ ಮಡಚಿಟ್ಟು ಅತಿ ದೂರದ ಕೇಂದ್ರ ಬರೆದದ್ದು ಹೇಗೆ ಎಂದು ತುಂಬಾ ಜನ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಎದುರಿಗೆ ಸಿಕ್ಕರೆ, ಚಹಾ ನಿಮ್ಮದಾದರೆ, ಹೇಳುತ್ತೇನೆ.

ಈಗ ದುಡ್ಡು. ಅಕ್ಟೋಬರ್‌ನ ಹತ್ತೊಂಬತ್ತು ದಿನಕ್ಕೆ ನೆನಪಿರುವಂತೆ ಹೀಗೆ: ಬಣ್ಣ, ಕುಂಚ (ಇವೆರಡು ಆಗಸ್ಟ್‌ನವೇ), ಸೀಮೆಸುಣ್ಣ 700 ರೂಪಾಯಿ ಆಸುಪಾಸು. ಐದು ಸಾವಿರ ಚೀಟಿ, ಚೀಲ ಸೇರಿ 11,000. ಡೀಸೆಲ್ ಆಗ ಲೀಟರಿಗೆ 70ರ ಹತ್ತಿರ, ಒಟ್ಟು 35,000. ಊಟ ತಟ್ಟೆಗೆ 60ರಂತೆ ದಿನಕ್ಕೆ ನಲವತ್ತು ತಟ್ಟೆ, 45,000 ದಾಟಿತು. ಎಲ್ಲ ಸೇರಿ ಲಕ್ಷಕ್ಕೆ ಒಂದಿಷ್ಟು ಕಡಿಮೆ. ದಾನಿ ಸಂಸ್ಥೆ ಡೀಸೆಲ್ಲಿಗೂ ಅಚ್ಚಿಗೂ ಒಪ್ಪಿತು, ರೊಟ್ಟಿಗೆ ಒಪ್ಪಲಿಲ್ಲ. ಅದೇ ಸಂಸ್ಥೆ ಆಗಸ್ಟ್‌ನಲ್ಲಿ ನಾಲ್ಕು ಲಕ್ಷದ ವಿಟಮಿನ್ ಸಿರಪ್ ಕಳಿಸಿತ್ತು, ಯಾರೂ ಕೇಳದೆ. ಊಟದ ದುಡ್ಡು ಮೊದಲು ನನ್ನ ಕೈಯಿಂದ ಹೋಯಿತು. ‘ಸಭಾ ವೆಚ್ಚ’ ಎಂದು ಬರೆದು ಕಳಿಸಿದ ಬಿಲ್ಲಿಗೆ ಏಳು ತಿಂಗಳ ಮೇಲೆ 30,000 ಬಂತು. ಮಿಕ್ಕದ್ದರ ಲೆಕ್ಕವನ್ನು ಮನೆಯಲ್ಲಿ ಇನ್ನೂ ಕೊಟ್ಟಿಲ್ಲ.

ದಾನದ ಔಷಧಿಯದು ಬೇರೆಯೇ ಗೋಳು. ಆಗಸ್ಟ್‌ನಲ್ಲಿ ಬಂದ ಅರವತ್ತು ಪೆಟ್ಟಿಗೆಗಳಲ್ಲಿ ಇಪ್ಪತ್ತು ಕಸ. ಮುಂದಿನ ತಿಂಗಳು ಅವಧಿ ಮುಗಿಯುವವು, ವೈದ್ಯರಿಗೆ ಕೊಡುವ ಮಾದರಿ ಪಟ್ಟಿಗಳು, ಒಂದು ಪೆಟ್ಟಿಗೆ ತುಂಬ ಕೂದಲು ಉದುರುವಿಕೆಗೆ ಹಚ್ಚುವ ಎಣ್ಣೆ. ನೆರೆಯಲ್ಲಿ ಕೂದಲು ಉದುರುವುದು ನನ್ನಂಥವರಿಗೆ ಮಾತ್ರ. ಅವಧಿ ಕನಿಷ್ಠ ಒಂದು ವರ್ಷ ಬಾಕಿ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನಾನು ನಾಲ್ಕು ತಿಂಗಳಿಗೆ ಇಳಿಸಿದೆ. ಎರಡು ವಾರದಲ್ಲಿ ಖರ್ಚಾಗುವ ಸರಕಿಗೆ ಅಷ್ಟು ಸಾಕು, ಅಳತೆ ಮೀರಿ ಬಿಗಿಮಾಡಿದರೆ ಒಳ್ಳೆಯ ಔಷಧವೂ ವಾಪಸ್ ಹೋಗುತ್ತದೆ. ಗೋಡೆಯ ಕೆಳಗೆ ಬೇಕಾದ ಹನ್ನೆರಡು ಔಷಧಗಳ ಹೆಸರು ಬರೆದೆ. ಅದರ ಹೊರಗಿನದನ್ನು ಲಾರಿಯಿಂದ ಇಳಿಸಲೇ ಬಿಡಲಿಲ್ಲ. ಜಗಳಗಳೂ ಆದವು.

ಇನ್ಸುಲಿನ್ ವಿಚಾರಕ್ಕೆ ಒಂದು ಪ್ರಯೋಗ ಮಾಡಿದೆ. ಮೊದಲು ಐಸ್ ಪೆಟ್ಟಿಗೆಯಲ್ಲಿ ಇಟ್ಟು ಹದಿನಾಲ್ಕು ಬಾಟಲಿ ಗಡ್ಡೆಕಟ್ಟಿ ಎಸೆದೆ, ಎರಡು ಸಾವಿರ ರೂಪಾಯಿ ನೀರಿಗೆ. ಆಮೇಲೆ ಮಡಕೆಯೊಳಗೆ ಮಡಕೆ, ನಡುವೆ ಒದ್ದೆ ಮರಳು. ಬೇಸಿಗೆಯಲ್ಲಿ ನಮ್ಮ ಕಡೆ ಅದು ಚೆನ್ನಾಗಿ ತಂಪಾಗುತ್ತದೆ. ಮಳೆಯಲ್ಲಿ ಗಾಳಿಯೇ ಒದ್ದೆ, ಮರಳು ಆರುವುದೇ ಇಲ್ಲ. ಎರಡು ದಿನ ಥರ್ಮಾಮೀಟರ್ ಹಿಡಿದು ಕುಳಿತೆ, ಹೊರಗಿನ ಉಷ್ಣಾಂಶದಿಂದ ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಯಲಿಲ್ಲ. ಕೊನೆಗೆ ಜನರೇಟರ್ ಇದ್ದ ತಂಪು ಪಾನೀಯದ ಅಂಗಡಿಯವರ ಫ್ರಿಜ್‌ನಲ್ಲಿ ನಡುವಿನ ಖಾನೆಯನ್ನು ಬಾಡಿಗೆಗೆ ಹಿಡಿದೆ, ದಿನಕ್ಕೆ 50 ರೂಪಾಯಿ. ಓಆರ್‌ಎಸ್‌ನಲ್ಲಿ ಮಾತ್ರ ಪ್ರಯೋಗ ಗೆದ್ದಿತು. ಪೊಟ್ಟಣ ಒಂದು ಲೀಟರಿಗೆ, ಜನರ ಕೈಯಲ್ಲಿ ಇದ್ದದ್ದು ಲೋಟ, ತಂಬಿಗೆ. ಪರಿಹಾರದ ಲಾರಿಗಳು ತಂದು ಸುರಿದ ಲೀಟರ್ ನೀರಿನ ಖಾಲಿ ಬಾಟಲಿಗಳನ್ನೇ ತೊಳೆದು, ಪೊಟ್ಟಣದ ಜೊತೆ ಒಂದೊಂದು ಕೊಟ್ಟೆವು. ಅಳತೆ ತಪ್ಪುವ ಮಾತೇ ಇಲ್ಲ, ಕಸವೂ ಕಡಿಮೆಯಾಯಿತು.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಕೇಂದ್ರ ಬಿಟ್ಟು ನೆಂಟರ ಮನೆಗೆ ಹೋಗುವವರದು. ಕ್ಷಯದ ಗುಳಿಗೆ ನುಂಗುತ್ತಿದ್ದವರು ಮೂವರು ರಾತ್ರೋರಾತ್ರಿ ಮಹಾರಾಷ್ಟ್ರಕ್ಕೆ ಹೋದರು. ಗೋಡೆ ಅವರ ಹಿಂದೆ ಹೋಗಲಾರದು. ಒಬ್ಬಾತ ಮಾತ್ರ ತಿಂಗಳ ಮೇಲೆ ಮಿರಜದಿಂದ ಮರಳಿ ಬಂದು, ಕೊರಳಿನ ಚೀಲ ಬಿಚ್ಚಿ ಚೀಟಿ ನನ್ನ ಮುಂದೆ ಇಟ್ಟ. ನಾಲ್ಕು ವೈದ್ಯರ ಕೈಬರಹ, ಕಡೆಯದು ಮರಾಠಿಯಲ್ಲಿ. ಒಂದು ದಿನದ ಗುಳಿಗೆಯೂ ತಪ್ಪಿರಲಿಲ್ಲ. ಉಳಿದಿಬ್ಬರ ಸುದ್ದಿ ಬರಲಿಲ್ಲ.