ರೇಸ್ ಬಿಟ್ಟ ಗ್ರೇಹೌಂಡ್ ಮನೆಗೆ ಬಂದಾಗ

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ರೇಸ್ ಮುಗಿಸಿದ ಗ್ರೇಹೌಂಡನ್ನು ಕಾಯಂ ಮನೆ ಸಿಗುವವರೆಗೆ ಸಾಕಲು ತರುವವರಿಗೆ ಒಂದು ಮಾತು: ಕೆನಲ್‌ನಲ್ಲೇ (ನಾಯಿಗಳನ್ನು ಒಟ್ಟಾಗಿ ಸಾಕುವ ಗೂಡುಗಳಲ್ಲೇ) ಬೆಳೆದ ಈ ನಾಯಿಗೆ ಮೆಟ್ಟಿಲು, ಗಾಜಿನ ಬಾಗಿಲು, ಮಿಕ್ಸಿ ಸದ್ದು ಎಲ್ಲವೂ ಹೊಸದು. ಗಾಜಿಗೆ ಅದರ ಕಣ್ಣಿನೆತ್ತರದಲ್ಲಿ ಟೇಪ್ ಅಂಟಿಸಿ, ಇಲ್ಲವಾದರೆ ನೇರ ಹೋಗಿ ಗುದ್ದಿಕೊಳ್ಳುತ್ತದೆ.

ಮೆಟ್ಟಿಲು ಹತ್ತಿಸಲು ಪಾದಗಳನ್ನು ಕೈಯಿಂದ ಒಂದೊಂದಾಗಿ ಎತ್ತಿಡಿ. ಇಳಿಸುವುದೇ ಕಷ್ಟ; ಒಮ್ಮೆಲೇ ಧುಮುಕಲು ನೋಡುತ್ತದೆ. ಒಬ್ಬರು ಮುಂದೆ ನಿಂತು ಎದೆಗೆ ಕೈ ಅಡ್ಡ ಹಿಡಿಯಲಿ.

ಕೊರಳಪಟ್ಟಿ ಮಾರ್ಟಿಂಗೇಲ್ ಬಗೆಯದೇ, ಅಂದರೆ ಜಗ್ಗಿದಾಗ ತುಸು ಬಿಗಿಯಾಗುವಂಥದ್ದೇ ಇರಲಿ. ತಲೆಗಿಂತ ಕತ್ತೇ ದಪ್ಪವಾದ್ದರಿಂದ ಹಿಂದಕ್ಕೆ ಜಗ್ಗಿದರೆ ಮಾಮೂಲಿ ಪಟ್ಟಿ ಕಳಚಿಬರುತ್ತದೆ. ಉದ್ದುದ್ದ ಬಿಚ್ಚಿಕೊಳ್ಳುವ ಹಗ್ಗ ಬೇಡವೇ ಬೇಡ: ಕೆಲವೇ ನೆಗೆತಕ್ಕೆ ವೇಗ ಹಿಡಿದು, ಹಗ್ಗ ಮುಗಿದಲ್ಲಿ ಕತ್ತಿಗೆ ಪೆಟ್ಟಾಗುತ್ತದೆ. ಬೇಲಿಯಿಲ್ಲದ ಬಯಲಲ್ಲಿ ಬಿಡಲೇಬೇಡಿ.

ಮೊದಲ ವಾರ ಎರಡು ಗಂಟೆಗೊಮ್ಮೆ, ಜೊತೆಗೆ ಊಟವಾದ ಮೇಲೆ, ಎದ್ದ ಕೂಡಲೇ ಹೊರಗೆ ಕರೆದೊಯ್ಯಿರಿ. ಆಹಾರವನ್ನು 7ರಿಂದ 10 ದಿನಗಳಲ್ಲಿ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ಅವಸರಪಟ್ಟರೆ ಭೇದಿ ಖಚಿತ.

ಮಲಗಿದ್ದಾಗ ಮುಟ್ಟಬೇಡಿ, ದೂರದಿಂದ ಹೆಸರು ಕರೆಯಿರಿ. ಕೆಲವು ನಾಯಿಗಳು ಕಣ್ಣು ತೆರೆದೇ ನಿದ್ರಿಸುತ್ತವೆ, ಬೆಚ್ಚಿದರೆ ಕಚ್ಚಬಹುದು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ.

ಮುಧೋಳ ನಾಯಿ ಸಾಕಿದವರಿಗೆ ಗೊತ್ತಿರುವಂತೆ ಇಂಥ ಓಟದ ನಾಯಿಗಳ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ದಪ್ಪ ಹಾಸಿಗೆ, ಚಳಿಗೆ ಕೋಟು ಕೊಡಿ. ಬೆಕ್ಕಿರುವ ಮನೆಯಲ್ಲಿ ಬಾಯಿಬುಟ್ಟಿ (ಕಚ್ಚದಂತೆ ಮೂತಿಗೆ ಹಾಕುವ ಕವಚ), ಹಗ್ಗ ಎರಡೂ ಇರಲಿ.